ಹೊಸ್ತಿಲ ಹೊರಗೆ ನಿಂತು ಹೇಳಿದ ಸುದ್ದಿ

ಆಗ ನನಗೆ ನಲವತ್ತು ವರ್ಷ. ಅದಾಗಿ ಈಗ ಮೂವತ್ತನಾಲ್ಕು ವರ್ಷವಾಯಿತು. ವಯಸ್ಸು ಬರೋಬ್ಬರಿ ಗೊತ್ತಿದೆ ಅಂತಲ್ಲ. ನೌಕರಿಯ ಕಾಗದದಲ್ಲಿ ಹಾಗೆ ಬರೆದಿದ್ದರು, ನಾನೂ ಅದನ್ನೇ ಹಿಡಿದುಕೊಂಡು ಬಂದಿದ್ದೇನೆ.

ಅಫಜಲಪುರ ತಾಲೂಕಿನ ಒಂದು ಊರಲ್ಲಿ ಹೆಣ್ಣುಮಕ್ಕಳ ಶಾಲೆ, ಅದಕ್ಕೇ ಹತ್ತಿಕೊಂಡ ಹಾಸ್ಟೆಲ್. ಊರ ಹೆಸರು ಬೇಡ. ಅಲ್ಲಿ ನೀರು ಸೇದುವುದು, ಕಸ ಹೊಡೆಯುವುದು, ಹುಡುಗಿಯರ ತಲೆಯ ಹೇನು ನೋಡುವುದು, ಅಡಿಗೆಯವಳು ಬಾರದ ದಿನ ರೊಟ್ಟಿ ಬಡಿಯುವುದು, ಇವು ನನ್ನ ಕೆಲಸ. ನನ್ನ ತವರು ಜೇವರ್ಗಿ ಕಡೆ. ಗಂಡ ತೀರಿದ ಮೇಲೆ ಈ ಕೆಲಸ ಸಿಕ್ಕಿತು. ಓದು ಬರಹ ನಾನು ಶಾಲೆಗೆ ಹೋಗಿ ಕಲಿತದ್ದಲ್ಲ. ಹಾಸ್ಟೆಲಿನ ಹುಡುಗಿಯರೇ ಪಾಟಿಯ ಮೇಲೆ ಬರೆದು ಕಲಿಸಿದರು. ಬಸ್ಸಿನ ಬೋರ್ಡು ಓದುವಷ್ಟು ಬಂತು. ಈಗ ಬರೆಯುತ್ತಿರುವುದೂ ಅದೇ ಅಕ್ಷರ. ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ಆ ವರ್ಷ ಮೊದಲ ದೊಡ್ಡ ಮಳೆ ಬಿದ್ದ ನಾಲ್ಕನೆಯ ದಿನ ಹುಡುಗಿಯರಿಗೆ ವಾಂತಿ-ಭೇದಿ ಹತ್ತಿತು. ಮುಂಜಾನೆ ಇಬ್ಬರು, ಊಟದ ಹೊತ್ತಿಗೆ ಆರು ಮಂದಿ, ಸಂಜೆಗೆ ಹನ್ನೊಂದು. ಸಂಡಾಸಿನವರೆಗೆ ಓಡಲೂ ಆಗದೆ ಕೂತಲ್ಲೇ ಆಗುತ್ತಿತ್ತು. ನಾನು ಬಳಿದೆ, ತೊಳೆದೆ, ಮತ್ತೆ ಬಳಿದೆ. ಅಡಿಗೆಯವಳು ಊರಿಗೆ ಹೋಗುತ್ತೇನೆಂದು ಹೋದವಳು ಬರಲೇ ಇಲ್ಲ. ಜವಾನನೂ ಅವಳ ಹಿಂದೆಯೇ ಹೋದ.

ಮರುದಿನ ಡಾಕ್ಟರ್ ಬಂದರು. ಸಣ್ಣ ವಯಸ್ಸಿನವರು, ಮೈಸೂರು ಕಡೆಯವರು, ಈ ಸೀಮೆಗೆ ಬಂದು ಆರು ತಿಂಗಳಾಗಿತ್ತೋ ಇಲ್ಲವೋ. ಹಳ್ಳ ತುಂಬಿ ನೇರ ದಾರಿ ಬಂದ್ ಆಗಿತ್ತು. ಆಳಂದದ ಕಡೆಯಿಂದ ಸುತ್ತು ಹಾಕಿ, ಜೀಪಿನಲ್ಲಿ ಸಲಾಯಿನ್ ಬಾಟಲಿಗಳ ಪೆಟ್ಟಿಗೆ ಹೇರಿಕೊಂಡು ಬಂದಿದ್ದರು. ಆರನೆಯ ಇಯತ್ತೆಯ ಕೋಣೆಯಲ್ಲಿ ಚಾಪೆ ಹಾಸಿ ಹುಡುಗಿಯರನ್ನು ಮಲಗಿಸಿದೆವು. ಬಾಟಲಿಗಳನ್ನು ಕಿಟಕಿಯ ಸರಳಿಗೆ ಕಟ್ಟಿದೆವು.

ಎಂಟು ಹುಡುಗಿಯರು ಸಂಜೆಯೊಳಗೆ ಎದ್ದು ಕೂತರು. ಮೂವರು ಏಳಲಿಲ್ಲ. ಆ ಮೂವರಲ್ಲೂ ಒಬ್ಬಳದು ಬಹಳ ಕೆಟ್ಟಿತ್ತು. ಹನ್ನೆರಡು ವರ್ಷದವಳು, ರೈತರ ಮನೆಯ ಹುಡುಗಿ. ಕಣ್ಣು ಒಳಗೆ ಹೋಗಿದ್ದವು. ಕೈಯ ಚರ್ಮ ಹಿಡಿದು ಬಿಟ್ಟರೆ ಹಿಡಿದ ಹಾಗೇ ನಿಲ್ಲುತ್ತಿತ್ತು. ಹಿಂದಿನ ದಿನದಿಂದ ಮೂತ್ರ ಹೋಗಿರಲಿಲ್ಲ.

ಡಾಕ್ಟರ್ ನನ್ನನ್ನು ಹೊರಗೆ ಕರೆದು ಹೇಳಿದರು. "ಇವಳಿಗೆ ಮೂತ್ರ ಬಂದರೆ ಬದುಕಿದಳು ಅಂತ ತಿಳ್ಕೊ. ಅಲ್ಲೀವರೆಗೆ ಈ ಸೂಜಿ ಕೈಯಿಂದ ತೆಗೆಯೋ ಹಾಗಿಲ್ಲ. ಮನೆಯವರು ಬಂದು ಎತ್ಕೊಂಡು ಹೋದರೆ ದಾರೀಲೇ ಹೋಗ್ತಾಳೆ."

ಅದರ ಮರುದಿನ ಮುಂಜಾನೆ ಹೆಡ್ ಮಾಸ್ತರರು ಮೂರು ಮನೆಗೂ ಕಾಗದ ಬರೆಯಲು ಕೂತರು. ಒಳ್ಳೆಯ ಮನುಷ್ಯ, ಆದರೆ ಹೆದರುಪುಕ್ಕ. ಒಂದು ಬರೆದು ಹರಿದರು, ಇನ್ನೊಂದು ಬರೆದು ಹರಿದರು. ಕಾಲರಾ ಅಂತ ಬರೆದರೆ ಮೇಲಿನವರು ಕೇಳುತ್ತಾರೆ, ಬರೆಯದಿದ್ದರೆ ಮನೆಯವರು ಬರುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಕಾಗದ ತಯಾರಾಯಿತು. ‘ತಮ್ಮ ಪಾಲ್ಯಳು ಅಲ್ಪ ಅಸ್ವಸ್ಥಳಾಗಿದ್ದು’ ಅಂತ ಶುರುವಾಗುತ್ತಿತ್ತು. ಆ ಮೂರು ಮನೆಗಳಲ್ಲಿ ಓದು ಬರುತ್ತಿದ್ದವರು ಆ ಹುಡುಗಿಯರೇ.

"ನೋಡವಾ, ಜವಾನ ಓಡಿಹೋಗ್ಯಾನ. ನೀನೇ ಹೋಗಬೇಕು," ಅಂದರು ಹೆಡ್ ಮಾಸ್ತರರು. "ಆರಾಮಿಲ್ಲ, ಬಂದು ನೋಡ್ರಿ, ಇಷ್ಟೇ ಹೇಳು. ಬ್ಯಾನಿ ಹೆಸರು ಹೇಳಬ್ಯಾಡ. ಪೇಪರಿನವ ಸಿಕ್ಕು ಕೇಳಿದ್ರ, ಏನೂ ಆಗಿಲ್ಲ ಅನ್ನು."

ನಾನು ಹೊರಟಾಗ ಡಾಕ್ಟರ್ ಬಾಗಿಲ ತನಕ ಬಂದರು. "ನೋಡಮ್ಮ, ಎರಡು ದಿನದಿಂದ ಇವರ ಬಟ್ಟೆ ನೀನೇ ತೊಳೀತಿದ್ದೀಯ. ನಿನ್ನಿಂದ ಇನ್ನೊಂದು ಊರಿಗೆ ಹತ್ತಬಾರದು. ಯಾರ ಮನೆ ಒಳಗೂ ಕಾಲಿಡಬೇಡ. ಯಾರ ಚೊಂಬೂ ಮುಟ್ಟಬೇಡ, ನೀರು ಕೊಟ್ಟರೆ ಕುಡೀಬೇಡ. ಹೊರಗೇ ನಿಂತು ಹೇಳು, ಹೇಳಿ ಬಂದುಬಿಡು."

ಆಯ್ತ್ರಿ ಅಂದೆ. ಹಾಗೇ ಮಾಡಿದೆ.

ಬಸ್ ನಿಲ್ದಾಣದಲ್ಲಿ ಒಂದು ಅಂಗಡಿ. ತೆಂಗಿನಕಾಯಿ, ಊದಿನಕಡ್ಡಿ, ಬಟ್ಟೆ, ಬೀಡಿ ಎಲ್ಲ ಸಿಗುತ್ತಿತ್ತು. ಆ ಅಂಗಡಿಯವನೇ ಪೇಪರ್ ತರಿಸಿ ಹಂಚುತ್ತಿದ್ದ, ಅವನೇ ಪೇಪರಿಗೆ ಸುದ್ದಿ ಕೊಡುತ್ತಿದ್ದ. ನನ್ನನ್ನು ನೋಡಿದವನೇ ಕೇಳಿದ.

"ಏನ್ ಯಕ್ಕಾ, ಸಾಲ್ಯಾಗ ಡಾಕ್ಟರ್ ಜೀಪ್ ನಿಂತದಲ್ಲ?"

"ಏನೂ ಆಗಿಲ್ಲ."

"ಏನೂ ಆಗ್ಲಾರದ ಜೀಪ್ ಯಾಕ ಬರ್ತದ?"

"ಜೀಪಿಗೆ ಕೇಳು," ಅಂದು ಬಸ್ ಹತ್ತಿದೆ.

ಮೊದಲ ಮನೆ ಒಬ್ಬ ಸೋದರಮಾವನದು. ಆ ಹುಡುಗಿಗೆ ಅಪ್ಪ ಇರಲಿಲ್ಲ, ಮಾವನೇ ಸಾಕುತ್ತಿದ್ದ. ಅದೇ ಊರಲ್ಲಿ ಎರಡನೆಯ ಮನೆ, ಟ್ರ್ಯಾಕ್ಟರ್ ರಿಪೇರಿ ಮಾಡುವ ಸಾಬರದು. ಮೂರನೆಯದು ಗೊಬ್ಬೂರಿನಲ್ಲಿಳಿದು ಎರಡು ಮೈಲಿ ನಡೆದರೆ ಸಿಗುವ ಊರು, ಆ ಹನ್ನೆರಡು ವರ್ಷದವಳ ಮನೆ.

ಮೂರು ಕಡೆಯೂ ಒಂದೇ ನಮೂನೆ ಆಯಿತು. ಮಾವನ ಹೆಂಡತಿ ತಂಬಿಗೆ ತುಂಬಿಕೊಂಡು ಹೊರಗೆ ಬಂದಳು. "ಬಾ ಯಕ್ಕಾ, ಬಿಸಲಾಗ ಬಂದಿ. ಒಳಗ ಬಾ, ನೀರ ಕುಡಿ."

"ಒಲ್ಲೆ ಬೇ. ಇಲ್ಲೇ ನಿಂದರ್ತೇನಿ. ಹುಡುಗಿಗಿ ಆರಾಮಿಲ್ಲ. ಬಂದು ನೋಡ್ರಿ."

ಅವಳು ತಂಬಿಗೆ ನೆಲಕ್ಕಿಟ್ಟಳು. ಮತ್ತೇನೂ ಕೇಳಲಿಲ್ಲ. ಸಾಬರು ಗಾಡಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದವರು ಹೊರಗೆ ಬಂದು, ನನ್ನ ಮಾತು ಕೇಳಿ, ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಪೆಟ್ಟಿಗೆಯೊಳಗೆ ಇಟ್ಟು, ಪೆಟ್ಟಿಗೆ ಮುಚ್ಚಿದರು. "ಬರ್ತೇವಿ, ನೀ ನಡೀ," ಅಂದರು ಅಷ್ಟೇ. ಮೂರನೆಯ ಮನೆ ಮುಟ್ಟುವಾಗ ಹೊತ್ತು ಇಳಿದಿತ್ತು. ಹುಡುಗಿಯ ತಾಯಿ ನೀರು ತಂದಳು, ಬೆಲ್ಲ ತಂದಳು. ನಾನು ಬೇಡವೆಂದೆ, ಹೊಸ್ತಿಲ ಹೊರಗೆ ನಿಂತು ಅದೇ ಮಾತು ಹೇಳಿದೆ. ತಾಯಿ ಗಂಡನ ಮುಖ ನೋಡಿದಳು. ಗಂಡ ಕೇಳಿದ:

"ಯಾವಾಗ?"

"ಮೊನ್ನಿಯಿಂದ," ಅಂದೆ.

ಕಟ್ಟೆಯ ಮೇಲೆ ಕೂತಿದ್ದ ಅವನ ತಾಯಿ, ಮುದುಕಿ, ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ಹೆಡ್ ಮಾಸ್ತರರ ಕಾಗದವನ್ನು ಕಟ್ಟೆಯ ಮೇಲಿಟ್ಟು ನಾನು ಹಿಂದಕ್ಕೆ ಬಂದೆ.

ಯಾರೂ ಚೀರಾಡಲಿಲ್ಲ, ಯಾರೂ ಬೈಯಲಿಲ್ಲ, ಯಾರೂ ನನ್ನ ಹಿಂದೆ ಓಡಿ ಬರಲಿಲ್ಲ. ನನಗೆ ಸಮಾಧಾನವಾಯಿತು. ಕೆಲಸ ನೆಟ್ಟಗೆ ಆಯಿತು, ಹೆಡ್ ಮಾಸ್ತರರು ಅಷ್ಟು ಹೆದರಿದ್ದು ಸುಮ್ಮನೆ ಅಂದುಕೊಂಡೆ. ಗೊಬ್ಬೂರಿಗೆ ಬರುವಾಗ ಕಡೆಯ ಬಸ್ ಹೋಗಿತ್ತು. ಬಸ್ ನಿಲ್ದಾಣದಲ್ಲೇ ಬಿದ್ದುಕೊಂಡು ಮುಂಜಾನೆಯ ಮೊದಲ ಬಸ್ ಹಿಡಿದೆ.

ಆ ಬಸ್ಸಿನಲ್ಲೇ ಪೇಪರಿನ ಕಟ್ಟುಗಳೂ ಇದ್ದವು. ಮುಂದೆ ಕೂತ ಒಬ್ಬ ಮಾಸ್ತರ ಒಂದು ಪೇಪರ್ ಎಳೆದುಕೊಂಡು ಪಕ್ಕದವನಿಗೆ ಓದಿ ಹೇಳಿದ. ವಾಂತಿ-ಭೇದಿಗೆ ಮೂವರು ವಿದ್ಯಾರ್ಥಿನಿಯರ ಸಾವು. ನಮ್ಮ ಊರ ಹೆಸರು, ನಮ್ಮ ಶಾಲೆಯ ಹೆಸರು.

ನಾನು ಎದ್ದು ಹೋಗಿ, ಇನ್ನೊಮ್ಮೆ ಓದ್ರಿ ಅಂದೆ. ಓದಿದ. ಮೂವರೇ ಅಂದ.

ನಾನು ನಂಬಿದೆ. ಅಚ್ಚಾದದ್ದನ್ನು ನಂಬದೆ ಇರುವಷ್ಟು ಓದು ನನಗಿರಲಿಲ್ಲ. ನಾನು ಹಳ್ಳಿ ತಿರುಗುತ್ತಿದ್ದಾಗ ಅತ್ತ ಹುಡುಗಿಯರು ಸತ್ತಿದ್ದಾರೆ ಅಂದುಕೊಂಡೆ. ಅಳು ಬರಲಿಲ್ಲ. ಆ ಮೂರು ಹಾಸಿಗೆ ಸುಡಬೇಕು, ಕೋಣೆಗೆ ಸುಣ್ಣ ಹೊಡೆಯಬೇಕು, ಪೆಟ್ಟಿಗೆಯಲ್ಲಿನ ಅವರ ಬಟ್ಟೆ ಯಾರಿಗೆ ಕೊಡಬೇಕು, ಅದೇ ತಲೆಯಲ್ಲಿ ತಿರುಗುತ್ತಿತ್ತು. ದಾರಿ ಮುಗಿಯಲಿಲ್ಲ.

ಶಾಲೆಯ ಗೇಟಿನ ಮುಂದೆ ಎರಡು ಟ್ರ್ಯಾಕ್ಟರ್, ಒಂದು ಜೀಪ್. ಐವತ್ತರವತ್ತು ಮಂದಿ. ಹೆಂಗಸರು ನೆಲದಲ್ಲಿ ಕೂತು ಎದೆ ಬಡಿದುಕೊಳ್ಳುತ್ತಿದ್ದರು. ಒಂದು ಟ್ರ್ಯಾಕ್ಟರಿನಲ್ಲಿ ಹೂವು, ತೆಂಗಿನಕಾಯಿ, ವಿಭೂತಿ, ಹೊಸ ಬಟ್ಟೆ. ಒಬ್ಬ ಜಂಗಮಯ್ಯನವರನ್ನೂ ಕರೆತಂದಿದ್ದರು. ಸಾಬರ ಕಂಕುಳಲ್ಲಿ ಬಿಳಿ ಬಟ್ಟೆಯ ಸುರುಳಿ. ಗೇಟಿಗೆ ಒಳಗಿನಿಂದ ಬೀಗ. ಹೆಡ್ ಮಾಸ್ತರರು ಆಫೀಸಿನ ಕಿಟಕಿಯಿಂದಲೇ ಕೂಗುತ್ತಿದ್ದರು, "ಏನೂ ಆಗಿಲ್ರಿ, ಎಲ್ಲಾರೂ ಆರಾಮ ಅದಾರ." ಎದ್ದು ನಡೆಯಲೂ ಆಗದ ಹುಡುಗಿಯರನ್ನು ಒಳಗಿಟ್ಟುಕೊಂಡು ಆರಾಮ ಇದ್ದಾರೆ ಅಂದರೆ ಯಾರು ನಂಬುತ್ತಾರೆ?

ನನ್ನನ್ನು ಕಂಡು ಜನ ಸರಿದು ದಾರಿ ಬಿಟ್ಟರು. ಹಿಂದಿನ ಅಡಿಗೆಮನೆಯ ಬಾಗಿಲ ಕೀಲಿ ನನ್ನ ಸೊಂಟದಲ್ಲಿತ್ತು. ತೆಗೆದು ಒಳಗೆ ಹೋಗಿ ಆರನೆಯ ಇಯತ್ತೆಯ ಕೋಣೆಗೆ ಓಡಿದೆ. ಮೂರು ಬಾಟಲಿ ಹನಿಯುತ್ತಿದ್ದವು. ಇಬ್ಬರು ಕಣ್ಣು ಬಿಟ್ಟು ನೋಡಿದರು. ಮೂರನೆಯವಳು ನೋಡಲಿಲ್ಲ, ಹೊಟ್ಟೆ ಮಾತ್ರ ಏರಿ ಇಳಿಯುತ್ತಿತ್ತು. ಡಾಕ್ಟರ್ ಗೋಡೆಗೆ ಒರಗಿ ಕೂತಿದ್ದರು. "ಇನ್ನೂ ಮೂತ್ರ ಬಂದಿಲ್ಲ," ಅಂದರು. "ಹೊರಗೆ ಏನು ಗಲಾಟೆ?"

ನಾನು ತಿರುಗಿ ಹೊರಗೆ ಬಂದು ಸಾಬರಿಗೆ ಹೇಳಿದೆ. "ಯಾರೂ ಸತ್ತಿಲ್ಲ. ಮೂವರೂ ಜೀವ ಅದಾರ."

ಹನ್ನೆರಡು ವರ್ಷದವಳ ತಂದೆ ನಡುವೆ ಬಾಯಿ ಹಾಕಿದ. "ನಿನ್ನಿ ನೀನೇ ಬಂದು ಹೇಳಿದ್ಯಲ್ಲ?"

"ಏನ್ ಹೇಳಿದ್ದೆ? ಆರಾಮಿಲ್ಲ ಅಂದಿದ್ದೆ."

"ಹಾಂ. ಆ ಸುದ್ದಿ ಹಂಗೇ ಹೇಳೂದು. ಒಳಗ ಬಾ ಅಂದ್ರ ಬರಲಿಲ್ಲ. ನೀರ ಕೊಟ್ರ ಮುಟ್ಟಲಿಲ್ಲ. ಹೊಸ್ತಿಲ ಹೊರಗ ನಿಂತಿ, ಆರಾಮಿಲ್ಲ ಬರ್ರಿ ಅಂದಿ, ಹ್ವಾದಿ. ಇನ್ನ ಹೆಂಗ ಹೇಳ್ತಾರ ಬೇ?"

ಅವನು ಹೇಳಿದ್ದು ಖರೇ. ನಮ್ಮ ಕಡೆ ಸಾವಿನ ಸುದ್ದಿ ತಂದವರು ಮನೆಯೊಳಗೆ ಬರುವುದಿಲ್ಲ, ನೀರು ಕುಡಿಯುವುದಿಲ್ಲ. ಸತ್ತರು ಎಂಬ ಮಾತನ್ನೂ ಬಾಯಿಂದ ಆಡುವುದಿಲ್ಲ. ಆರಾಮಿಲ್ಲ, ಹೊರಡಿರಿ ಅನ್ನುತ್ತಾರೆ. ಕೇಳಿದವರೂ ಸುದ್ದಿಯವನು ಓಣಿ ದಾಟುವವರೆಗೆ ಅಳುವುದಿಲ್ಲ. ನಮ್ಮಪ್ಪನ ಕಾಲು ಚುರುಕೆಂದು ಓಣಿಯಲ್ಲಿ ಯಾರು ಸತ್ತರೂ ಅವನನ್ನೇ ಊರೂರಿಗೆ ಕಳಿಸುತ್ತಿದ್ದರು. ಸಣ್ಣವಳಿದ್ದಾಗ ಒಂದೆರಡು ಸಲ ಅವನ ಜೊತೆಗೇ ಹೋಗಿದ್ದೆ. ಅವನು ನಿಂತ ಹಾಗೇ ನಾನು ಮೂರು ಮನೆಯ ಮುಂದೆ ನಿಂತು ಬಂದಿದ್ದೆ.

ಗೊತ್ತಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಗೊತ್ತಿತ್ತು. ಎರಡು ದಿನ ನಿದ್ದೆ ಇರಲಿಲ್ಲ, ತಲೆಯಲ್ಲಿ ಡಾಕ್ಟರರ ಮಾತಷ್ಟೇ ಇತ್ತು. ಡಾಕ್ಟರಿಗೆ ನಮ್ಮ ರಿವಾಜು ಗೊತ್ತಿರಲಿಲ್ಲ, ಅವರದು ತಪ್ಪಲ್ಲ. ನನ್ನದು ತಪ್ಪು. ಮೊದಲ ಮನೆಯಲ್ಲಿ ತಂಬಿಗೆ ನೆಲಕ್ಕಿಟ್ಟಾಗಲೇ ತಿಳಿಯಬೇಕಿತ್ತು. ಪೇಪರಿನಲ್ಲಿ ಬಂದದ್ದೂ ನನ್ನದೇ ಸುದ್ದಿ. ಅವರೆಲ್ಲ ಹಿಂದಿನ ರಾತ್ರಿಯೇ ಆಳು ಕಳಿಸಿ ಆ ಅಂಗಡಿಯಲ್ಲೇ ಕಾಯಿ, ಬಟ್ಟೆ ಕೊಂಡಿದ್ದರು. ಅವನು ಯಾರಿಗೆ ಅಂತ ಕೇಳಿದ್ದ. ಕೇಳಿ ರಾತ್ರಿಯೇ ಕಲಬುರ್ಗಿಯ ಪೇಪರಿನವರಿಗೆ ಫೋನ್ ಮಾಡಿದ್ದ. ಹುಡುಗಿಯರು ಸತ್ತರೆಂದು ನಾನೇ ಸುದ್ದಿ ಹಬ್ಬಿಸಿ, ಮರುದಿನ ಅದನ್ನೇ ಬಸ್ಸಿನಲ್ಲಿ ಕೇಳಿ ನಂಬಿಕೊಂಡು ಬಂದಿದ್ದೆ.

ಮಾತಿನಲ್ಲಿ ಇದು ಮುಗಿಯುವುದಿಲ್ಲ ಅಂತ ಗೊತ್ತಾಯಿತು. "ಮನಿಗೊಬ್ಬೊಬ್ಬರು ನನ್ನ ಹಿಂದ ಬರ್ರಿ," ಅಂದೆ. ಅಡಿಗೆಮನೆಯಿಂದ ಒಳಗೆ ಬಿಟ್ಟೆ. ಹೆಡ್ ಮಾಸ್ತರರು ಕಾರಿಡಾರಿನಲ್ಲಿ ಅಡ್ಡ ಬಂದರು.

"ಯಾರನ್ನ ಕೇಳಿ ಒಳಗ ಬಿಟ್ಟಿ?"

"ನಿಮ್ಮನ್ನ ಕೇಳಿದ್ರ ಸಂಜೀತನಕ ಕಾಗದ ಬರೀತಿದ್ರಿ. ಸರೀರಿ ಆಚಿಗಿ," ಅಂದೆ. ಅವರು ಸರಿದರು.

ಸಾಬರು ಮಗಳ ಮುಂದೆ ಕೂತು ಅವಳ ಮೂಗಿನ ಹತ್ತಿರ ಕೈ ಹಿಡಿದರು. "ಅಬ್ಬಾಜಾನ್, ನೀವು ಯಾಕ ಬಂದ್ರಿ?" ಅಂದಳು ಹುಡುಗಿ. ಅವರು ಎದ್ದು ಬಂದು ಬಿಳಿ ಬಟ್ಟೆಯ ಸುರುಳಿಯನ್ನು ನನ್ನ ಕೈಗೆ ಕೊಟ್ಟರು. "ಇದನ್ನ ವಾಪಸ್ ಮನಿಗಿ ಒಯ್ಯೂದಿಲ್ಲ. ಹರಿದು ಹುಡುಗ್ಯಾರಿಗಿ ಒರಸಾಕ ತಗೋ. ಹೊಸಾದದ, ಸಾಫ್ ಅದ." ಆ ದಿನ ಬಟ್ಟೆಯ ಚಿಂದಿ ಒಂದೂ ಉಳಿದಿರಲಿಲ್ಲ. ಅಲ್ಲೇ ಹರಿದೆ.

ಸೋದರಮಾವ ಯಾರ ಮಾತೂ ಕೇಳಲಿಲ್ಲ. ಸೂಜಿ ತೆಗೆಸಿ, ಹುಡುಗಿಯನ್ನು ಜೀಪಿನಲ್ಲಿ ಹಾಕಿಕೊಂಡು ಕಲಬುರ್ಗಿಯ ಕಡೆ ಹೋದ. ಅವಳು ಬದುಕಿದಳು ಅಂತ ಆಮೇಲೆ ಕೇಳಿದೆ. ನಾನು ನೋಡಿಲ್ಲ. ಶಾಲೆಗೆ ಮತ್ತೆ ಬರಲಿಲ್ಲ.

ಉಳಿದದ್ದು ಆ ಹನ್ನೆರಡು ವರ್ಷದವಳು. ತಂದೆ, ತಾಯಿ, ಅಜ್ಜಿ ಮೂವರೂ ಒಳಗೆ ನುಗ್ಗಿದ್ದರು. ತಾಯಿ ಮಗಳ ಕಾಲು ಹಿಡಿದುಕೊಂಡು ಕೂತಳು. ಅಜ್ಜಿ ಜಿಡಗಾ ಮಠದ ವಿಭೂತಿ ತೆಗೆದು ಹುಡುಗಿಯ ಹಣೆಗೆ ಹಚ್ಚಿದಳು. ಆಮೇಲೆ ಮಗನಿಗೆ ಹೇಳಿದಳು.

"ಎತ್ತಿಕೋ. ನಡಿ."

ಡಾಕ್ಟರ್ ಎದ್ದು ನಿಂತರು. "ಎತ್ತಿದರೆ ಸಾಯ್ತಾಳೆ."

"ಇಲ್ಲಿಟ್ರೂ ಸಾಯ್ತಾಳ್ರಿ ಸಾಹೇಬ್ರ. ಆಕಿ ಹೆಸರ ಮ್ಯಾಲೆ ಕುಣಿ ತೋಡೇವಿ."

ಮುಂಜಾನೆ ಬೇಗ ಮಣ್ಣು ಮಾಡಬೇಕೆಂದು ರಾತ್ರಿಯೇ ಹೊಲದಲ್ಲಿ ಕುಣಿ ತೋಡಿಸಿ, ಆಮೇಲೆ ಹೆಣ ತರಲು ಬಂದಿದ್ದರು. ತೋಡಿದ ಕುಣಿ ಖಾಲಿ ಬಿಟ್ಟರೆ ಅದು ಯಾರ ಹೆಸರಿನದೋ ಅವರನ್ನು ಕೇಳುತ್ತದೆ ಎಂಬುದು ಅಜ್ಜಿಯ ಭಯ. ಹುಡುಗಿಯನ್ನು ಹೊಲಕ್ಕೆ ಒಯ್ದು, ಕುಣಿಯ ಸುತ್ತ ಮೂರು ಸುತ್ತು ತಿರುಗಿಸಿ, ಇವಳು ನಿನ್ನವಳಲ್ಲ ಅಂತ ತೋರಿಸಿ ಮನೆಗೆ ಒಯ್ಯಬೇಕು. ಅಲ್ಲಿಗೆ ಹೋಗಲು ಟ್ರ್ಯಾಕ್ಟರಿನಲ್ಲಿ ಎರಡು ತಾಸು.

ಡಾಕ್ಟರಿಗೆ ಸಿಟ್ಟು ಬಂತು. "ಮೂಢನಂಬಿಕೆ ಮಾತಾಡಬೇಡಿ, ಪೊಲೀಸರನ್ನ ಕರೆಸ್ತೀನಿ," ಅಂದರು. ಅದರಿಂದ ಇನ್ನಷ್ಟು ಕೆಟ್ಟಿತು. ತಂದೆ ಬಾಗಿ ಮಗಳ ಬೆನ್ನ ಕೆಳಗೆ ಕೈ ಹಾಕಿದ.

"ಕರೆಸ್ರಿ. ಗೇಟಿಗಿ ಕೀಲಿ ಹಾಕ್ತೀರಿ, ಎಲ್ಲಾ ಆರಾಮ ಅದ ಅಂತೀರಿ. ಯಾಕ ಬಂತು ಈ ಬ್ಯಾನಿ? ಒಬ್ರರೆ ಖರೇ ಹೇಳ್ತೀರೇನು?"

ಹೆಡ್ ಮಾಸ್ತರರು ಬಾಗಿಲಲ್ಲಿ ನಿಂತಿದ್ದರು. ಅವರು ನೆಲ ನೋಡಿದರು. ನಾನು ಹೇಳಿದೆ.

"ನೀರಿಂದ ಬಂತು. ಮಳಿ ಬಿದ್ದ ದಿನ ಸಂಡಾಸಿನ ಗುಂಡಿ ತುಂಬಿ ಬಾವಿ ಕಡಿ ಹರದದ. ಮರುದಿನ ನೀರು ನಾತಿತ್ತು. ನನಗ ಗೊತ್ತಾಗಿತ್ತು. ಹೊಸ ಮಳಿ ನೀರು ಹಂಗೇ ಇರ್ತದ ಅಂತ ಸುಮ್ಮ ಬಿಟ್ಟೆ. ನಾನೇ ಸೇದೀನಿ, ನಾನೇ ನಿನ್ನ ಮಗಳಿಗಿ ಕುಡಿಸೀನಿ."

ತಂದೆ ಬಾಗಿದವನು ಬಾಗಿದ ಹಾಗೇ ನನ್ನನ್ನು ನೋಡಿದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದೆ.

"ಆಕಿ ಮೈಯಾಗಿನ ನೀರೆಲ್ಲ ಹ್ವಾಗ್ಯಾದ," ಅಂದೆ. "ಈ ಬಾಟ್ಲಿ ನೀರೇ ಈಗ ಆಕಿ ಜೀವ. ಇದನ್ನ ಬಿಡಿಸಿ ಟ್ರ್ಯಾಕ್ಟರ್ ಮ್ಯಾಲೆ ಎರಡು ತಾಸ ಕುಲುಕಿದ್ರ, ನೀ ತೋಡಿದ ಕುಣಿ ಬರೋಬ್ಬರಿ ಆಗ್ತದ."

ಅವನು ಕೈ ತೆಗೆದ. ಅಜ್ಜಿ ಬಿಡಲಿಲ್ಲ.

"ಮಾತ ಭಾಳ ಕಲತೀ. ನಿನ್ನಿ ಇಷ್ಟು ಮಾತ ಎಲ್ಲಿಟ್ಟಿದ್ದಿ? ಕುಣಿ ಹಂಗೇ ಬಾಯಿ ತೆರಕೊಂಡು ಕುಂತದ. ಅದಕ್ಕ ಯಾರು ಜವಾಬು ಹೇಳಬೇಕು?"

"ನಾ ಹೇಳ್ತೇನಿ ಯವ್ವಾ. ನನ್ನ ಸುದ್ದಿ ಮ್ಯಾಲೆ ತೋಡಿದ್ದು. ಅದು ನನ್ನ ಕುಣಿ."

"ನಿನ್ನ ಕುಣಿ ಅಂದ್ರ, ನೀ ಮಲಗ್ತೀ ಏನು ಅದರಾಗ?"

"ಮಲಗೂದಿದ್ರ ಮಲಗ್ತೇನಿ. ಮೊದಲ ಈ ಬಾಟ್ಲಿ ಮುಗೀಲಿ."

ಹುಡುಗಿಯ ತಾಯಿ ಅಳುತ್ತಿದ್ದವಳು ಸೆರಗಿನೊಳಗೆ ಒಮ್ಮೆ ಕಿಸಕ್ಕೆಂದಳು, ಮತ್ತೆ ಅಳತೊಡಗಿದಳು. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದಳು. "ಮನಿಯವರು ತೋಡಿದ್ದು, ಮನಿಯವರು ಖಾಲಿ ಮುಚ್ಚಬಾರ್ದು. ನೀ ಬಂದು ಮುಚ್ಚು. ಸುಮ್ಮ ಮಣ್ಣ ಎಳದ್ರ ನಡೆಯಂಗಿಲ್ಲ. ಆಕಿ ಬದಲಿ ಒಂದು ಕುಂಬಳಕಾಯಿ ಇಡಬೇಕು, ಆಕಿಗಿ ತಂದ ಬಟ್ಟಿ ಹೊಚ್ಚಬೇಕು. ನಾಳಿ ಹೊತ್ತು ಏರೂದ್ರೊಳಗ ಆಗಬೇಕು. ಆಗಲಿಲ್ಲಂದ್ರ ನಾನೇ ಬಂದು ಎತ್ತಿಕೊಂಡು ಹೋಗ್ತೇನಿ. ಪೊಲೀಸರು ಬರ್ಲಿ, ಅವರಪ್ಪ ಬರ್ಲಿ."

"ಬರ್ತೇನಿ," ಅಂದೆ.

ಅವಳು ಟ್ರ್ಯಾಕ್ಟರ್ ಹತ್ತಿ ಊರಿಗೆ ಹೋದಳು. ಗಂಡ ಹೆಂಡತಿ ಮಗಳ ಹತ್ತಿರ ಉಳಿದರು.

ಆ ದಿನವಿಡೀ ಪೇಪರ್ ನೋಡಿದ ತಂದೆ-ತಾಯಿಗಳು ಬರುತ್ತಲೇ ಇದ್ದರು. ಬಂದವರು ಮೊದಲು ಅತ್ತರು, ಆಮೇಲೆ ಬೈದರು, ಆಮೇಲೆ ಹುಡುಗಿಯ ಪೆಟ್ಟಿಗೆ ಎತ್ತಿಕೊಂಡು ಹೋದರು. ಸಂಜೆಗೆ ಆ ಇಬ್ಬರು ಹುಡುಗಿಯರನ್ನು ಬಿಟ್ಟು ಹಾಸ್ಟೆಲ್ ಖಾಲಿ. ಆ ನಡುವೆ ಅಂಗಡಿಯವನೂ ವಹಿ ಹಿಡಿದು ಬಂದ. ಹೆಡ್ ಮಾಸ್ತರರು ಅವನಿಗೂ ಏನೂ ಆಗಿಲ್ಲ ಅಂದರು. ನಾನು ಅವನ ರಟ್ಟೆ ಹಿಡಿದು ಕಿಟಕಿಯ ಹತ್ತಿರ ಒಯ್ದೆ.

"ನೋಡು. ಇಬ್ಬರು ಇಲ್ಲೇ ಅದಾರ, ಒಬ್ಬಾಕಿ ಕಲಬುರ್ಗಿಗಿ ಹ್ವಾಗ್ಯಾಳ. ಯಾರೂ ಸತ್ತಿಲ್ಲ. ಹಂಗ ಬರಿ."

"ಅಚ್ಚಾಗಿ ಹೋಗ್ಯಾದ ಯಕ್ಕಾ. ನಾ ಏನ್ ಮಾಡ್ಲಿ?"

"ನಾಳಿ ಮತ್ತ ಅಚ್ಚ ಹಾಕಂಗಿಲ್ಲೇನು?"

"ಸತ್ತಿಲ್ಲ ಅನ್ನೂದು ಸುದ್ದಿ ಆಗಂಗಿಲ್ಲ. ನಿನ್ನಿ ನಾ ಕೇಳಿದಾಗ ನೀ ಏನಂದಿ? ಜೀಪಿಗೆ ಕೇಳು ಅಂದಿ. ಕಾಯಿ ಒಯ್ದವರನ್ನ ಕೇಳಿದೆ, ಅವರು ಹೇಳಿದ್ರು."

ಬಾವಿಯ ಸಂಗತಿ ಹೇಳಿದೆ. ಅದನ್ನು ಬರೆದುಕೊಂಡ. ಎರಡು ದಿನ ಬಿಟ್ಟು ಒಳಗಿನ ಹಾಳೆಯಲ್ಲಿ ಬಂತು. ಬಾವಿ ಕೆಟ್ಟಿತ್ತೆಂದು ಸಿಬ್ಬಂದಿಯೊಬ್ಬರು ಹೇಳಿದರಂತೆ. ಮೂವರು ಬದುಕಿದ್ದಾರೆ ಅನ್ನುವುದು ಆ ಪೇಪರಿನಲ್ಲಿ ಇವತ್ತಿಗೂ ಬಂದಿಲ್ಲ. ಆ ಸಿಬ್ಬಂದಿ ಯಾರೆಂದು ಹೆಡ್ ಮಾಸ್ತರರಿಗೆ ಕೇಳುವ ಅಗತ್ಯ ಬೀಳಲಿಲ್ಲ. ಆರು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಕೆಲಸದಿಂದ ತೆಗೆಯಲಿಲ್ಲ, ಆ ಕೆಲಸಕ್ಕೆ ಬೇರೆ ಯಾರೂ ಬರುತ್ತಿರಲಿಲ್ಲ.

ಮರುದಿನ ಮುಂಜಾನೆ ಬೆಳಕು ಹರಿಯುವ ಹೊತ್ತಿಗೆ ಹುಡುಗಿಯ ತಾಯಿ ಬಂದು ನನ್ನ ಭುಜ ಅಲುಗಾಡಿಸಿದಳು. "ಯಕ್ಕಾ, ಚಾಪಿ ಒದ್ದಿ ಆಗ್ಯಾದ." ಹೋಗಿ ಮುಟ್ಟಿ ನೋಡಿದೆ. ಬೆಚ್ಚಗಿತ್ತು. ಮೂಸಿ ನೋಡಿದೆ, ಮೂತ್ರವೇ. ಡಾಕ್ಟರನ್ನು ಎಬ್ಬಿಸಿದೆ. ಅವರು ಹುಡುಗಿಯ ಕಣ್ಣಿನ ರೆಪ್ಪೆ ಎತ್ತಿ ನೋಡಿ, ನಾಡಿ ಹಿಡಿದು, "ಇನ್ನೊಂದು ದಿನ ಬಾಟಲಿ ಇರಲಿ," ಅಂದರು. ನಾನು ಸೆರಗು ಕಟ್ಟಿಕೊಂಡು ಹೊರಡುವುದನ್ನು ಕಂಡು ಕೇಳಿದರು. "ಇನ್ನು ಅಲ್ಲಿಗೆ ಯಾಕೆ ಹೋಗಬೇಕು?"

"ಇನ್ನೊಂದು ದಿನ ಬಾಟ್ಲಿ ಇರಬೇಕಲ್ರಿ, ಅದಕ್ಕ," ಅಂದೆ.

ಅಡಿಗೆಮನೆಯ ಅಟ್ಟದ ಮೇಲಿದ್ದ ಒಂದು ಕುಂಬಳಕಾಯಿಯನ್ನು ಚೀಲದಲ್ಲಿ ಹಾಕಿಕೊಂಡು ಮೊದಲ ಬಸ್ಸಿಗೆ ಗೊಬ್ಬೂರಿನಲ್ಲಿಳಿದೆ. ಎರಡು ಮೈಲಿ ನಡೆದೆ. ಅಜ್ಜಿ ಹೊಲದ ಬದುವಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಸಲಿಕೆ, ಮಡಿಕೆ ಬಿಚ್ಚದ ಹೊಸ ಬಟ್ಟೆ. ಹುಡುಗಿಗೆ ಮೂತ್ರ ಬಂದದ್ದನ್ನು ಹೇಳಿದೆ. ಅವಳು ತಲೆಯಾಡಿಸಿ ಸಲಿಕೆಯತ್ತ ಕೈ ತೋರಿಸಿದಳು.

ಕುಣಿ ಆಳವಿರಲಿಲ್ಲ. ಅಗಲ ಉದ್ದ ನೋಡಿದೆ. ತೋಡಿದವನಿಗೆ ಆ ಹುಡುಗಿಯ ಅಳತೆ ಗೊತ್ತಿತ್ತು. ಕುಂಬಳಕಾಯಿ ಇಳಿಸಿ, ಅಷ್ಟು ಒಳ್ಳೆಯ ಬಟ್ಟೆಯನ್ನು ಅದರ ಮೇಲೆ ಹೊದಿಸಿದೆ. ಮಳೆಯಲ್ಲಿ ನೆಂದ ಎರೆಮಣ್ಣು ಸಲಿಕೆಗೆ ಅಂಟಿಕೊಂಡು ಬಿಡುತ್ತಿರಲಿಲ್ಲ. ಕಡೆಗೆ ಸಲಿಕೆ ಬಿಟ್ಟು ಮೊಣಕಾಲೂರಿ ಎರಡೂ ಕೈಯಿಂದ ಎಳೆದು ತುಂಬಿಸಿದೆ. ತುಂಬಿದ ಮೇಲೆ ನೆಲ ಸಮವಾಗುವವರೆಗೆ ತುಳಿದೆ.